ತಂದೆಯ ಮುಂದೆ 20 ನಿಮಿಷ

ಡೊಂಬಿವಲಿ, ಠಾಣೆ ಕಡೆಯಿಂದ ಮುಂಬೈಗೆ ಬೆಳಗಿನ ಲೋಕಲ್ ರೈಲು ಹಿಡಿಯುವವರಿಗೆ ಏಕಾಂತ ಸಿಗುವುದು ಕಷ್ಟ. ತಂದೆಯಾದ ದೇವರ ಪ್ರೀತಿಯನ್ನು ಧ್ಯಾನಿಸಲು ಮನೆಯವರು ಏಳುವ ಮೊದಲು 20 ನಿಮಿಷ ತೆಗೆದಿಡಿ. ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಎಂದು ಯೇಸು ಹೇಳಿದ್ದು ಮತ್ತಾಯ 6:6ರಲ್ಲಿದೆ. ಒಂದೇ ಖೋಲಿಯ ಚಾಳಿನಲ್ಲಿ ಗೋಡೆಗೆ ಮುಖ ಮಾಡಿ ಕೂತರೂ ಆದೀತು. ಮೊಬೈಲ್ ಬೇಡ, ಅಚ್ಚಾದ ಬೈಬಲ್ ಇರಲಿ.

3 ನಿಮಿಷ ಸುಮ್ಮನೆ ಕೂತು ಉಸಿರಾಟ ನಿಧಾನವಾಗಲು ಬಿಡಿ. ಆಮೇಲೆ ಮನೆ ಬಿಟ್ಟುಹೋದ ಮಗ ತಂದೆಯ ಬಳಿಗೆ ಮರಳುವ, ಯೇಸು ಹೇಳಿದ ಕಥೆಯನ್ನು ಲೂಕ 15:11ರಿಂದ 24ರವರೆಗೆ ಮೆಲ್ಲಗೆ ಓದಿ, 20ನೇ ವಚನಕ್ಕೆ ಮರಳಿ ಬನ್ನಿ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಾಣುತ್ತಾನೆ, ಕನಿಕರಪಡುತ್ತಾನೆ, ಓಡುತ್ತಾನೆ, ಅಪ್ಪಿಕೊಳ್ಳುತ್ತಾನೆ, ಮುದ್ದಿಡುತ್ತಾನೆ. ಒಂದೊಂದಕ್ಕೂ ಎರಡೆರಡು ನಿಮಿಷ ಕೊಡಿ. ಮಗ ಮೊದಲೇ ಸಿದ್ಧಮಾಡಿಕೊಂಡ ಮಾತು ಇನ್ನೂ ಬಾಯಿಗೇ ಬಂದಿಲ್ಲ, ಅಷ್ಟರಲ್ಲೇ ಅಪ್ಪುಗೆ! ಧ್ಯಾನದ ಜೀವ ಇರುವುದು ಇಲ್ಲೇ. ಇಲ್ಲಿಂದ ಅವಸರದಲ್ಲಿ ಏಳಬೇಡಿ.

ಹೆಚ್ಚಿನವರು ಎಡವುವುದು ಬೇಡಿಕೆಗಳ ಪಟ್ಟಿ ಶುರುಮಾಡಿ. ಸಾಲ, ಮಕ್ಕಳ ಫೀಸು, ಕಾಯಿಲೆ ಎಲ್ಲವನ್ನೂ ಹೇಳಬಹುದು, ಆದರೆ ಕೊನೆಯಲ್ಲಿ. ಮನಸ್ಸು ಅಲೆದರೆ ಬೈದುಕೊಳ್ಳದೆ, ಯೇಸು ಬಂಧನಕ್ಕೆ ಮುನ್ನ ಗೆತ್ಸೆಮನೆ ತೋಟದಲ್ಲಿ ಕರೆದಂತೆ ‘ಅಪ್ಪಾ, ತಂದೆಯೇ’ ಎಂದು ಕರೆದು ಹಿಂದಿರುಗಿ.

ಹೆತ್ತ ತಂದೆಯಿಂದ ಏಟು ತಿಂದು ಬೆಳೆದವರಿಗೆ ಈ ಚಿತ್ರ ಭಯ ತರಬಹುದು. ಅದು ನಂಬಿಕೆಯ ಕೊರತೆಯಲ್ಲ, ಹಳೆಯ ಗಾಯ. ಒತ್ತಾಯ ಮಾಡಿಕೊಳ್ಳದೆ ಯೆಶಾಯ 49:15ರಿಂದ ಆರಂಭಿಸಿ. ಹೆತ್ತ ತಾಯಿ ಮರೆತರೂ ತಾನು ಮರೆಯುವುದಿಲ್ಲ ಎನ್ನುತ್ತಾನೆ ದೇವರು ಅಲ್ಲಿ. ಬಹುಕಾಲದಿಂದ ಸಭೆಯಲ್ಲಿ ಸೇವೆ ಮಾಡುತ್ತ ಒಳಗೇ ಬೇಸತ್ತವರು ಲೂಕ 15ರಲ್ಲೇ 25ರಿಂದ 32ರವರೆಗಿನ, ತಮ್ಮನಿಗೆ ಸಿಕ್ಕ ಸ್ವಾಗತಕ್ಕೆ ಸಿಟ್ಟಾದ ಹಿರಿಯ ಮಗನ ಭಾಗ ತೆಗೆದುಕೊಳ್ಳಲಿ. ಅವನನ್ನು ಕರೆಯಲೂ ತಂದೆಯೇ ಹೊರಗೆ ಬರುತ್ತಾನೆ.

ಕೊನೆಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಉಸಿರಿಗೊಂದು ಪದಗುಚ್ಛದಂತೆ ಹೇಳಿ ಏಳಿ.