ನೊಮ್ ಯೆನ್: ಥಾಯ್ ಗುಲಾಬಿ ಬಣ್ಣದ ಹಾಲು ನಾನು ಮಾಡುವ ರೀತಿ

ಹಾಲು, ಕೆಂಪು ಸಿರಪ್, ಐಸ್. ನೊಮ್ ಯೆನ್ ಅಂದರೆ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಬ್ಯಾಂಕಾಕ್‌ನ ಗಾಡಿ ಅಂಗಡಿಗಳ ರುಚಿ ಮನೆಯಲ್ಲೂ ಬರಬೇಕಾದರೆ ಮೊದಲು ಐಸ್ ಬಗ್ಗೆ ಯೋಚಿಸಬೇಕು. ಇಲ್ಲಿ ಥಾಯ್ಲೆಂಡ್‌ನ ಸೆಕೆಗೆ ಪುಡಿ ಐಸ್ ನೋಡನೋಡುತ್ತಲೇ ಕರಗುತ್ತದೆ. ಹಾಗಾಗಿ ಐಸ್ ಮೇಲೆ ಸುರಿಯುವ ಮೊದಲು ರುಚಿ ನೋಡಿದಾಗ ಹಾಲು ಸ್ವಲ್ಪ ಜಾಸ್ತಿಯೇ ಸಿಹಿ ಅನ್ನಿಸಬೇಕು.

ಮುಕ್ಕಾಲು ಕಪ್ ಹಾಲನ್ನು ಬಿಸಿ ಮಾಡುತ್ತೇನೆ, ಕುದಿಸುವುದಿಲ್ಲ. ಅದಕ್ಕೆ 1 ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್. ತಣ್ಣನೆಯ ಹಾಲಿಗೆ ಹಾಕಿದರೆ ಇದು ತಳದಲ್ಲೇ ಕೂತುಬಿಡುತ್ತದೆ. ಆಮೇಲೆ 3 ಚಮಚ ಸಾಲಾ ಸಿರಪ್. ಸಾಲಾ ಅಂದರೆ ಮುಳ್ಳುಮುಳ್ಳು ಸಿಪ್ಪೆಯ, ತಾಳೆ ಜಾತಿಯ ಗಿಡದ ಹಣ್ಣು. ಹೇಲ್ಸ್ ಬ್ಲೂ ಬಾಯ್ ಕಂಪನಿಯ ಕೆಂಪು ಬಾಟಲಿ ಇಲ್ಲಿ ಎಲ್ಲ ಕಡೆ ಸಿಗುತ್ತದೆ. ಅದೇ ಕಂಪನಿಯ ಹಸಿರು ಬಾಟಲಿ ಕ್ರೀಮ್ ಸೋಡಾ ಪರಿಮಳದ್ದು. ಅದನ್ನು ಹಾಕಿದರೆ ಹಸಿರು ಹಾಲು. ನನಗೆ ಕೆಂಪೇ ಇಷ್ಟ.

ಬೆರೆಸಿದ ಹಾಲನ್ನು ಫ್ರಿಜ್‌ನಲ್ಲಿ ಪೂರ್ತಿ ತಣ್ಣಗೆ ಮಾಡುತ್ತೇನೆ. ಬಿಸಿಯಾಗಿ ಸುರಿದರೆ ಅರ್ಧ ಐಸ್ ಅಲ್ಲೇ ನೀರು. ಎತ್ತರದ ಲೋಟದ ತುಂಬ ಪುಡಿ ಐಸ್ ಹಾಕಿ, ಹಾಲು ಸುರಿದು, ಕೊನೆಗೆ ಮೇಲೆ 2 ಚಮಚ ಇವಾಪೊರೇಟೆಡ್ ಮಿಲ್ಕ್. ದಯವಿಟ್ಟು ಇದನ್ನು ಬಿಡಬೇಡಿ. ಹಾಲಿನ ನೀರಿನಂಶವನ್ನು ಸುಮಾರು 60% ತೆಗೆದು, ಸಕ್ಕರೆ ಸೇರಿಸದೆ ಮಾಡುವ ಗಟ್ಟಿ ಹಾಲು ಇದು. ಐಸ್ ಕರಗಿದರೂ ಕೊನೆಯ ಗುಟುಕು ನೀರುನೀರಾಗದಂತೆ ಕಾಯುವುದು ಇದೇ. ಊರಿಗೆ ಹೋದಾಗ ಇದು ಸಿಗದಿದ್ದರೆ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಕೆನೆ ಸೋಸಿ, ತಣ್ಣಗೆ ಮಾಡಿ ಹಾಕುತ್ತೇನೆ. ಸಾಲಾ ಸಿರಪ್ ಬದಲು ರೋಸ್ ಸಿರಪ್ ಹಾಕಬಹುದು, ಚೆನ್ನಾಗಿಯೇ ಇರುತ್ತದೆ. ಆದರೆ ಅದು ನಮ್ಮ ರೋಸ್ ಮಿಲ್ಕ್, ನೊಮ್ ಯೆನ್ ಅಲ್ಲ.

ಜೊತೆಗೆ ಬೆಣ್ಣೆ ಹಚ್ಚಿ ಸುಟ್ಟ ದಪ್ಪ ಬ್ರೆಡ್, ಅದರ ಮೇಲೆ ಸಂಖಾಯಾ ಇದ್ದರೆ ಇನ್ನೂ ಒಳ್ಳೆಯದು. ತೆಂಗಿನ ಹಾಲು, ಮೊಟ್ಟೆ, ಸಕ್ಕರೆಯಿಂದ ಮಾಡುವ ಕಸ್ಟರ್ಡ್ ಅದು. ಹಾಲು ಮತ್ತು ಬ್ರೆಡ್‌ಗೇ ಹೆಸರಾದ ಮೊಂಟ್ ನೊಮ್‌ಸೊಡ್ ಎಂಬ ಅಂಗಡಿ ಬ್ಯಾಂಕಾಕ್‌ನ ದಿನ್ಸೊ ರಸ್ತೆಯಲ್ಲಿದೆ, 1964ರಿಂದ ನಡೆಯುತ್ತಿದೆ.

ಬೀದಿಯಲ್ಲಿ ಕೊಳ್ಳುವಾಗ ಸಿಹಿ ಕಡಿಮೆ ಬೇಕಿದ್ದರೆ 'ವಾನ್ ನೊಯ್' ಅನ್ನಿ. ಮನೆಯಲ್ಲಾದರೆ ಕಂಡೆನ್ಸ್ಡ್ ಮಿಲ್ಕ್ ಕಡಿಮೆ ಮಾಡಿ. ಸಿರಪ್ ಮಾತ್ರ ಅಷ್ಟೇ ಇರಲಿ, ಪರಿಮಳವೆಲ್ಲ ಅದರಲ್ಲೇ ಇರುವುದು.