ಮಕ್ಕಳ ಜೊತೆ ಈಸ್ಟರ್ ತೋಟ: ನಾವು ಮಾಡುವ ರೀತಿ

ಈಸ್ಟರ್ ಹತ್ತಿರ ಬಂತು ಅಂದರೆ ಎಲ್ಲ ಕಡೆ ಕಾಗದದ ಮೊಲ, ಹತ್ತಿಯ ಕೋಳಿಮರಿ, ಬಣ್ಣದ ಮೊಟ್ಟೆ. ಮಕ್ಕಳಿಗೆ ಖುಷಿಯಾಗುತ್ತದೆ, ಮಾಡಲಿ. ಆದರೆ ಅರ್ಧ ಗಂಟೆಯಲ್ಲಿ ಅಂಟಿಸಿ ಮುಗಿಸಿದ ಮೊಲಕ್ಕೂ ಯೇಸು ಸತ್ತು ಎದ್ದು ಬಂದ ಕಥೆಗೂ ಏನು ನಂಟು ಅಂತ ಮಗು ಕೇಳಿದರೆ ಉತ್ತರ ಕೊಡೋದು ಕಷ್ಟ ಅಲ್ವಾ? ಅದಕ್ಕೇ ನಮ್ಮ ಮನೆಯಲ್ಲಿ ನಾನು ಹತ್ತಾರು ಕೆಲಸ ಹಚ್ಚಿಕೊಳ್ಳುವುದಿಲ್ಲ. ಒಂದೇ ಒಂದು. ಸಮಾಧಿ ಇರುವ ಪುಟ್ಟ ತೋಟ. ಅದನ್ನು ವಾರಪೂರ್ತಿ, ಕಥೆ ಸಾಗಿದ ಹಾಗೆ ಸ್ವಲ್ಪ ಸ್ವಲ್ಪವೇ ಮಾಡುತ್ತೇವೆ.

ಮೊದಲು ದಿನದ ಲೆಕ್ಕ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರ ಬೇಕಾದರೂ ಬರಬಹುದು. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಗ್ರೀಸ್, ರಷ್ಯಾ ಮುಂತಾದ ಕಡೆಯ ಬಹುಪಾಲು ಆರ್ಥೊಡಾಕ್ಸ್ ಸಭೆಗಳ ಲೆಕ್ಕ ಬೇರೆ, ಅವರದು ಸಾಮಾನ್ಯವಾಗಿ ಆಮೇಲೆ ಬರುತ್ತದೆ. ಆ ದಿನದಿಂದ ಹಿಂದಕ್ಕೆ ಎಣಿಸಿ ಬೀಜ ಹಾಕಬೇಕು. ಸಾಸಿವೆಯಾದರೆ ಒಂದು ವಾರ ಮೊದಲು, ಅಂದರೆ ಗರಿಗಳ ಭಾನುವಾರ ಹಾಕಿದರೆ ಸರಿಹೋಗುತ್ತದೆ. ಗೋಧಿಯಾದರೆ ರಾತ್ರಿಯೆಲ್ಲ ನೆನೆಸಿ ಇನ್ನೂ ಕೆಲವು ದಿನ ಮೊದಲೇ ಹಾಕಿ. ಚಳಿ ಇದ್ದರೆ ಎರಡಕ್ಕೂ ಜಾಸ್ತಿ ಸಮಯ ಬೇಕು.

ಅಗಲವಾದ, ಜಾಸ್ತಿ ಆಳವಿಲ್ಲದ ಮಣ್ಣಿನ ಬಟ್ಟಲು ಸಾಕು, ಅಡಿಯಲ್ಲಿ ತೂತು ಇರಲಿ. ಚಿಕ್ಕ ಕುಡಿಕೆಯೊಂದನ್ನು ಅಡ್ಡ ಮಲಗಿಸಿ, ಬಾಯಿ ಮಾತ್ರ ಕಾಣುವ ಹಾಗೆ ಮೇಲೆ ಒದ್ದೆ ಮಣ್ಣು ಒತ್ತಿ ಗುಡ್ಡ ಮಾಡುತ್ತೇವೆ. ಈ ಒತ್ತುವ ಕೆಲಸ ಪೂರ್ತಿ ಮಕ್ಕಳದೇ. ಉಗುರಿನ ಸಂದಿಗೆ ಮಣ್ಣು ಹೋಗಲಿ, ಗುಡ್ಡ ಒಂದು ಕಡೆ ವಾಲಲಿ, ನಾನು ಕೈ ಹಾಕಿ ಸರಿ ಮಾಡುವುದಿಲ್ಲ. ಗುಡ್ಡದ ಮೇಲೆ ಸಾಸಿವೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿದರೆ ಮುಗಿಯಿತು. ಬೀಜವನ್ನು ಆಳಕ್ಕೆ ಹೂಳಬೇಡಿ. ನೀರು ಸುರಿಯಲೂ ಬೇಡಿ, ಬೀಜವೆಲ್ಲ ಕೆಳಗೆ ಜಾರಿ ಒಂದು ಮೂಲೆಯಲ್ಲಿ ಗುಂಪಾಗಿ ಮೊಳೆಯುತ್ತವೆ.

ಶುಭ ಶುಕ್ರವಾರದವರೆಗೆ ನೀರು ಹಾಕೋದಷ್ಟೇ ಕೆಲಸ. ಶುಕ್ರವಾರ ಕಡ್ಡಿಗಳನ್ನು ದಾರದಿಂದ ಕಟ್ಟಿ ಮೂರು ಶಿಲುಬೆ ನೆಡುತ್ತೇವೆ. ನಾಲ್ಕು ವರ್ಷದವಳಿಗೆ ಗಂಟು ಹಾಕಲು ಬರುವುದಿಲ್ಲ, ಅವಳು ಕಡ್ಡಿ ಹಿಡಿದುಕೊಳ್ಳುತ್ತಾಳೆ, ಅಣ್ಣ ಸುತ್ತುತ್ತಾನೆ. ಬಿಳಿ ಬಟ್ಟೆಯ ಚೂರನ್ನು ಸುರುಳಿ ಸುತ್ತಿ ಕುಡಿಕೆಯೊಳಗೆ ಇಟ್ಟು ಬಾಯಿಗೆ ಕಲ್ಲು ಮುಚ್ಚುತ್ತೇವೆ. ಕಲ್ಲು ದೊಡ್ಡದೇ ಇರಲಿ, ಎರಡೂ ಕೈಯಲ್ಲಿ ಎತ್ತಬೇಕಾದಷ್ಟು. ಅದನ್ನು ಇಡುವಾಗ ಮಗಳು "ಒಳಗೆ ಕತ್ತಲಾ?" ಅಂತ ಕೇಳಿದಳು. ಹೌದು, ಕತ್ತಲು ಅಂದೆ. ಅದಕ್ಕಿಂತ ಜಾಸ್ತಿ ವಿವರಣೆ ಆ ವಯಸ್ಸಿಗೆ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮೊಳೆ, ರಕ್ತ ಅಂತ ಬಿಡಿಸಿ ಹೇಳಿ ಹೆದರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ.

ಶನಿವಾರ ಏನೂ ಮಾಡುವುದಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ದಿನ ಇದೇ. ಕಲ್ಲು ತೆಗೆದು ನೋಡೋಣ ಅಂತ ಮಕ್ಕಳು ಬೆಳಗ್ಗೆಯಿಂದ ಗೋಗರೆಯುತ್ತಾರೆ, ಬೇಡ, ಇವತ್ತು ಶಿಷ್ಯರೂ ಹೀಗೇ ಏನೂ ತೋಚದೆ ಕೂತಿದ್ದರು ಅಂತ ಹೇಳಿದರೆ ಸುಮ್ಮನಾಗುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು. ಕಾಯೋದು ಅಂದರೇನು ಅಂತ ಪಾಠ ಮಾಡಿ ಹೇಳೋಕೆ ಆಗಲ್ಲ, ಮುಚ್ಚಿದ ಕಲ್ಲು ಅದನ್ನು ತಾನೇ ಹೇಳುತ್ತದೆ.

ಭಾನುವಾರ ಕಲ್ಲನ್ನು ಮಕ್ಕಳ ಕೈಯಿಂದಲೇ ಉರುಳಿಸಬೇಕು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ನೋಡಿ. ಸಮಾಧಿಯ ಬಾಗಿಲಿನ ಕಲ್ಲನ್ನು ನಮಗೆ ಯಾರು ಉರುಳಿಸಿಕೊಡುತ್ತಾರೆ ಅಂತ ಮಾತಾಡಿಕೊಳ್ಳುತ್ತಾ ಹೆಂಗಸರು ಬರುತ್ತಾರೆ, ಬಂದು ನೋಡಿದರೆ ಕಲ್ಲು ಆಗಲೇ ಉರುಳಿದೆ. ಅದಕ್ಕೇ ಮಕ್ಕಳು ಏಳುವ ಮೊದಲು ನಾನೇ ಕಲ್ಲನ್ನು ಪಕ್ಕಕ್ಕೆ ಸರಿಸಿ, ಬಟ್ಟೆಯನ್ನು ಮಡಿಸಿ ಒಳಗಿಟ್ಟಿರುತ್ತೇನೆ. ತಲೆಗೆ ಸುತ್ತಿದ್ದ ಬಟ್ಟೆ ಬೇರೆಯಾಗಿ ಸುತ್ತಿಟ್ಟಿತ್ತು ಅನ್ನುವ ವಿವರ ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ, ಮಕ್ಕಳಿಗೆ ಅದು ಬಹಳ ಇಷ್ಟ. ಎದ್ದವರು ಓಡಿ ಬಂದು ಕುಡಿಕೆಯೊಳಗೆ ಬೆರಳು ಹಾಕಿ ನೋಡುತ್ತಾರೆ, ಇಲ್ಲ, ಇಲ್ಲ ಅಂತ ಕೂಗುತ್ತಾರೆ. ಗುಡ್ಡದ ಮೇಲೆ ಆಗಲೇ ಹಸಿರು ಎಲೆ ಬಂದಿರುತ್ತದೆ.

ಮೊಟ್ಟೆ ಬೇಕೇ ಬೇಕು ಅಂತ ಹಟ ಮಾಡಿದರೆ ಈರುಳ್ಳಿ ಸಿಪ್ಪೆಯ ಬಣ್ಣ ಒಳ್ಳೆಯದು. ಮೊಟ್ಟೆಗೆ ಪುಟ್ಟ ಎಲೆ ಅಂಟಿಸಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಸಿಪ್ಪೆ ಮತ್ತು ಒಂದು ಚಮಚ ವಿನೆಗರ್ ಹಾಕಿದ ನೀರಿನಲ್ಲಿ ಬೇಯಿಸಿದರೆ ಕೆಂಚು ಬಣ್ಣದ ಮೇಲೆ ಎಲೆಯ ಅಚ್ಚು ಉಳಿಯುತ್ತದೆ. ವಿನೆಗರ್‌ನ ಹುಳಿ ಚಿಪ್ಪಿನ ಸುಣ್ಣವನ್ನು ಸ್ವಲ್ಪ ಕರಗಿಸುತ್ತದೆ, ಹಾಗಾಗಿ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಮೊಟ್ಟೆಗೆ ಕೆಂಪು ಬಣ್ಣ ಹಾಕುತ್ತಾರೆ, ಅದು ಕ್ರಿಸ್ತನ ರಕ್ತದ ಗುರುತು, ಒಡೆಯುವ ಚಿಪ್ಪು ತೆರೆದ ಸಮಾಧಿಯ ಗುರುತು. ಒಲೆಯ ಹತ್ತಿರದ ಕೆಲಸ ದೊಡ್ಡವರದೇ.

ಮೂರು ವರ್ಷದ ಒಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ಕಲ್ಲು, ಕಾಳು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಬಾಯಿಗೆ ಹಾಕಿಕೊಳ್ಳುತ್ತವೆ. ಹಬ್ಬ ಆದಮೇಲೆ ಬಟ್ಟಲನ್ನು ಎಸೆಯಬೇಡಿ. ಈಸ್ಟರ್ ಕಾಲ, ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದು ಬಂದ ಹಬ್ಬವಾದ ಪೆಂತೆಕೋಸ್ತ್‌ವರೆಗೆ 50 ದಿನ ನಡೆಯುತ್ತದೆ. ಸಾಸಿವೆ ಬಾಡಿದರೆ ಇನ್ನೊಂದು ಹಿಡಿ ಉದುರಿಸಿ.