ಶುಂಠಿಯ ಸಂದಿಯಲ್ಲಿ ಕೂತ ಮಣ್ಣನ್ನು ಯಂತ್ರ ಬಿಡಿಸುವುದು ಹೇಗೆ?

ಆಲೂಗಡ್ಡೆಯನ್ನು ನೀರಲ್ಲಿ ಹೊರಳಿಸಿದರೆ ಸಾಕು, ಮಣ್ಣು ಬಿಡುತ್ತದೆ. ಶುಂಠಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೈತುಂಬ ಕವಲು, ಕವಲಿಗೊಂದು ಸಂದಿ, ಸಂದಿಯಲ್ಲಿ ಒಣಗಿ ಗಟ್ಟಿಯಾದ ಜೇಡಿ. ಮನೆಯಲ್ಲಾದರೆ ಮುರಿದು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿಬಿಡಬಹುದು. ಹಾಸನ, ಶಿವಮೊಗ್ಗ ಕಡೆಯಿಂದ 60 ಕೆ.ಜಿ. ಚೀಲಗಳಲ್ಲಿ ಲಾರಿಗಟ್ಟಲೆ ಬಂದಿಳಿದರೆ ಪೇಸ್ಟ್ ಕಾರ್ಖಾನೆಯವರು ಏನು ಮಾಡಬೇಕು?

ಮೊದಲ ಕೆಲಸಕ್ಕೆ ನೀರೇ ಬೇಡ. ಶುಂಠಿಯನ್ನು ನಡುಗುವ ಜಾಲರಿಯ ಮೇಲೆ ಸುರಿದರೆ ಸಡಿಲ ಮಣ್ಣು, ನಾರುಬೇರು ಕೆಳಗೆ ಉದುರುತ್ತವೆ. ಕೊಳೆತ ತುಂಡುಗಳನ್ನು ಇಲ್ಲೇ ಕೈಯಲ್ಲಿ ಆರಿಸಿ ತೆಗೆಯಬೇಕು. ಒಂದು ಕೊಳೆತದ್ದು ತೊಟ್ಟಿಗೆ ಬಿದ್ದರೂ ಅದರ ರೋಗಾಣು ನೀರಿನ ಜೊತೆ ಉಳಿದವಕ್ಕೂ ಅಂಟುತ್ತದೆ.

ಎರಡನೆಯದು ನೆನೆಸುವ ತೊಟ್ಟಿ. ತಳದ ಕೊಳವೆಗಳಿಂದ ಗಾಳಿ ನುಗ್ಗಿ ನೀರು ಕುದಿಯುವಂತೆ ಉಕ್ಕುತ್ತದೆ. ಜೇಡಿ ಮೆತ್ತಗಾಗುತ್ತದೆ, ಕಸಕಡ್ಡಿ ತೇಲುತ್ತದೆ, ಕಲ್ಲು ತಳ ಸೇರುತ್ತದೆ. ಅವಸರಪಟ್ಟು ಈ ಹಂತ ಮೊಟಕು ಮಾಡಿದರೆ ಮುಂದಿನ ಯಂತ್ರ ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ.

ಆಮೇಲೆ ತೂತುಗಳಿರುವ ಉದ್ದನೆಯ ಡ್ರಮ್. ಅದು ನಿಧಾನಕ್ಕೆ ತಿರುಗುತ್ತಿದ್ದರೆ ಶುಂಠಿ ಒಂದಕ್ಕೊಂದು ಉಜ್ಜಿಕೊಳ್ಳುತ್ತದೆ. ನಡುವಿನ ಕೊಳವೆಯ ನಾಜಲ್‌ಗಳಿಂದ ನೀರು ರಭಸವಾಗಿ ಸಂದಿಗೆ ಹೊಡೆಯುತ್ತದೆ. ಡ್ರಮ್‌ನ ಇಳಿಜಾರು ಕಡಿಮೆ ಮಾಡಿದಷ್ಟೂ ಸರಕು ಒಳಗೆ ಹೆಚ್ಚು ಹೊತ್ತು ನಿಲ್ಲುತ್ತದೆ. ಎಳೆ ಶುಂಠಿಯ ಸಿಪ್ಪೆ ತೆಳು, ವೇಗವೂ ಒತ್ತಡವೂ ಜಾಸ್ತಿಯಾದರೆ ಸುಲಿದುಹೋಗುತ್ತದೆ. ಬಲಿತದ್ದು ತಡೆದುಕೊಳ್ಳುತ್ತದೆ, ಅದನ್ನು ನೈಲಾನ್ ಬ್ರಷ್ ರೋಲರ್‌ಗಳ ಮೇಲೂ ಹಾಯಿಸಬಹುದು.

ರೋಗಾಣು ಕೊಲ್ಲುವ ಕ್ಲೋರಿನ್ ಕೊನೆಗೆ. ಅದನ್ನು ಮೊದಲ ತೊಟ್ಟಿಗೇ ಸುರಿಯುವವರಿದ್ದಾರೆ, ಶುದ್ಧ ದಂಡ! ಮಣ್ಣು, ಕೊಳೆತ ಎಲೆಗಳಲ್ಲಿರುವ ಜೈವಿಕ ಅಂಶವೇ ಅದನ್ನು ನುಂಗಿಹಾಕುತ್ತದೆ, ರೋಗಾಣುವಿಗೆ ಏನೂ ಉಳಿಯುವುದಿಲ್ಲ. ಮಣ್ಣೆಲ್ಲ ಹೋದ ಮೇಲೆ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 7.5ರೊಳಗೆ ಇಟ್ಟುಕೊಂಡು ಹಾಕಿದರೆ ಕೆಲಸ ಮಾಡುತ್ತದೆ. ಪ್ರಮಾಣವನ್ನು ಅಂದಾಜಿಗೆ ಬಿಡದೆ ಪರೀಕ್ಷಾ ಪಟ್ಟಿಯಲ್ಲಿ ನೋಡುತ್ತಿರಬೇಕು. ಬಳಿಕ ಕುಡಿಯುವ ಗುಣಮಟ್ಟದ ನೀರಿನಲ್ಲಿ ಜಾಲಿಸಿ, ಗಾಳಿ ಬೀಸಿ ನೀರಿಳಿಸಬೇಕು. ಗೆಡ್ಡೆಯ ಒಳಗೆ ಇಳಿದ ಕೀಟನಾಶಕವನ್ನು ಮಾತ್ರ ಯಾವ ತೊಳೆತವೂ ತೆಗೆಯದು.

ಇಷ್ಟಕ್ಕೆಲ್ಲ ನೀರೆಷ್ಟು ಬೇಕು ಎಂದು ಗಾಬರಿಯಾಗಬೇಡಿ. ಪಾತ್ರೆ ಜಾಲಿಸಿದ ನೀರನ್ನು ಚೆಲ್ಲದೆ, ಮುಂದಿನ ಮುಸುರೆ ನೆನೆಸಲು ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆಯಲ್ಲ, ಅದೇ ಲೆಕ್ಕ. ಶುಂಠಿ ಮುಂದೆ ಸಾಗಿದಂತೆ ನೀರು ಹಿಂದಕ್ಕೆ ಹರಿಯಬೇಕು: ಕೊನೆಯಲ್ಲಿ ಜಾಲಿಸಿದ್ದು ಸೋಸಿಕೊಂಡು ಡ್ರಮ್‌ಗೆ, ಡ್ರಮ್‌ನದ್ದು ನೆನೆಸುವ ತೊಟ್ಟಿಗೆ. ಹೊಸ ನೀರು ಬೀಳುವುದು ಕೊನೆಯ ಹಂತಕ್ಕೆ ಮಾತ್ರ. ಯಂತ್ರ ಕೊಳ್ಳುವಾಗ ಮಾರುವವರನ್ನು ಮೊದಲು ಕೇಳಬೇಕಾದ್ದು ಈ ಪೈಪಿನ ದಾರಿಯನ್ನೇ.

ತೊಳೆದದ್ದು ಸಾಕೋ ಎಂದು ತಿಳಿಯಲು ಹೊರಮೈ ನೋಡಿ ಮೋಸಹೋಗಬೇಡಿ. ಒಂದೆರಡು ಕವಲು ಮುರಿದು ಸಂದಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕೆಂಪಾದರೆ ಮತ್ತೆ ಡ್ರಮ್‌ಗೆ.

ತೊಟ್ಟಿಯ ತಳದ ಕೆಸರನ್ನು ಬೇರೆಯೇ ಗುಂಡಿಗೆ ಹಾಕಿ. ಗೊಬ್ಬರದ ಮಣ್ಣೆಂದು ಶುಂಠಿ ಹೊಲಕ್ಕೆ ಹಾಕಿದರೆ ಕೊಳೆರೋಗ, ಸೊರಗುರೋಗ ಎರಡನ್ನೂ ಕೈಯಾರೆ ಬಿತ್ತಿದಂತೆ.